ಲಿನಕ್ಸ್ ಯಂತ್ರದಿಂದ ಹೊರಗಿನ ರೆಪೊಸಿಟರಿಗಳನ್ನೂ ಅವುಗಳ ಕೀಲಿಗಳನ್ನೂ ಪೂರ್ತಿಯಾಗಿ ತೆಗೆಯುವ ಕ್ರಮ

ಉಬುಂಟು, ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಇರುವ ಕಂಪ್ಯೂಟರಿಗೆ ಹೊರಗಿನ ರೆಪೊಸಿಟರಿಯೊಂದನ್ನು (ತಂತ್ರಾಂಶಗಳನ್ನು ಇಳಿಸಿಕೊಳ್ಳುವ ಭಂಡಾರವನ್ನು) ಸೇರಿಸುವುದು ಎರಡು ಮೂರು ಸಾಲುಗಳನ್ನು ಟರ್ಮಿನಲ್‌ಗೆ ಅಂಟಿಸಿದರೆ ಮುಗಿಯುವ ಕೆಲಸ. ತೆಗೆಯುವ ಕೆಲಸ ಹಾಗಲ್ಲ. ಸೇರಿಸುವಾಗ ಒಂದೇ ವಸ್ತುವಿನಂತೆ ಕಂಡದ್ದು ಯಂತ್ರದೊಳಗೆ ಹೋದ ಮೇಲೆ ಮೂರಾಗಿ ಹಂಚಿಹೋಗಿರುತ್ತದೆ: ರೆಪೊಸಿಟರಿಯ ವಿಳಾಸವಿರುವ ಕಡತ, ಅದರ ಸಹಿಯನ್ನು ಪರಿಶೀಲಿಸುವ ಕೀಲಿ, ಮತ್ತು ಅಲ್ಲಿಂದ ಬಂದು ಕುಳಿತ ಪ್ಯಾಕೇಜುಗಳು, ಅಂದರೆ ತಂತ್ರಾಂಶದ ಕಟ್ಟುಗಳು. ವಿಳಾಸದ ಕಡತವನ್ನಷ್ಟೇ ಅಳಿಸಿದರೆ ಎಚ್ಚರಿಕೆಯ ಸಂದೇಶಗಳು ನಿಲ್ಲುತ್ತವೆ, ಆದರೆ ಕೀಲಿಯ ಮೇಲಿನ ನಂಬಿಕೆ ಹಾಗೆಯೇ ಉಳಿಯುತ್ತದೆ, ಪ್ಯಾಕೇಜುಗಳೂ ಭದ್ರತಾ ತಿದ್ದುಪಡಿ ಸಿಗದೆ ಹಾಗೆಯೇ ಉಳಿಯುತ್ತವೆ. ಈ ಮೂರನ್ನೂ ಸರಿಯಾದ ಕ್ರಮದಲ್ಲಿ ತೆಗೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಆಜ್ಞೆಗಳನ್ನೂ ಕಡತಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ವಿಶೇಷವಾಗಿ ಹೇಳದಿದ್ದರೆ ಸಣ್ಣಕ್ಷರಗಳಲ್ಲಿ, ಟೈಪ್ ಮಾಡಬೇಕು.

ಮಲೆನಾಡಿನಲ್ಲಿ ಯಂತ್ರವನ್ನು ಸಜ್ಜುಗೊಳಿಸಿದವರು ಶಿವಮೊಗ್ಗದಲ್ಲಿರುತ್ತಾರೆ, ಯಂತ್ರವು ಹೊಸನಗರದಾಚೆಯ ಊರಿನ ಸಂಘದ ಕಚೇರಿಯಲ್ಲೋ ತೀರ್ಥಹಳ್ಳಿ ಕಡೆಯ ಶಾಲೆಯಲ್ಲೋ ಇರುತ್ತದೆ. ದೂರದಿಂದಲೇ ನೋಡಿ ಸರಿಪಡಿಸಲು ಒಂದು ರಿಮೋಟ್ ತಂತ್ರಾಂಶದ ರೆಪೊಸಿಟರಿ, ಡಿಟಿಪಿ ಕೆಲಸಕ್ಕೆ ಹೊಸ ಲಿಬ್ರೆಆಫೀಸ್ ಬೇಕೆಂದು ಒಂದು ಪಿಪಿಎ (ಲಾಂಚ್‌ಪ್ಯಾಡ್ ಎಂಬ ತಾಣದಲ್ಲಿರುವ, ಉಬುಂಟುವಿಗೆಂದು ಮಾಡಿದ ಹೊರಗಿನ ರೆಪೊಸಿಟರಿ), ಇಂಜಿನಿಯರಿಂಗ್ ಓದುವ ಮಗನ ಪ್ರಾಜೆಕ್ಟಿಗೆಂದು ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಕಂಟೇನರುಗಳಲ್ಲಿ ಓಡಿಸುವ ಸಾಧನ), ಹೀಗೆ ಒಂದರ ಮೇಲೊಂದು ಸೇರುತ್ತ ಹೋಗುತ್ತವೆ. ಕೆಲವು ವರ್ಷಗಳ ನಂತರ ಅವುಗಳಲ್ಲಿ ಒಂದೆರಡು ಸರ್ವರ್‌ಗಳೇ ನಿಂತುಹೋಗಿರುತ್ತವೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು, ಟವರ್ ಸಿಗುವ ಮೂಲೆಯಲ್ಲಿ ಕುಳಿತು ಅಪ್‌ಡೇಟ್ ಮಾಡುವವರಿಗೆ, ಉತ್ತರ ಕೊಡದ ಸರ್ವರ್‌ಗಾಗಿ ಆಪ್ಟ್ (ಪ್ಯಾಕೇಜುಗಳನ್ನು ತರಿಸಿ ಹಾಕುವ ಸಾಧನ) ಕಾಯುತ್ತ ಕೂರುವ ಪ್ರತಿ ನಿಮಿಷವೂ ದಂಡವೇ. ಆದರೆ ಸಮಯಕ್ಕಿಂತ ದೊಡ್ಡ ವಿಷಯವೆಂದರೆ, ಆ ಯಂತ್ರದಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಅದನ್ನು ಬಳಸುವವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಆ ಲೆಕ್ಕವನ್ನು ಚುಕ್ತಾ ಮಾಡುವ ಹೊಣೆ ಯಂತ್ರವನ್ನು ನೋಡಿಕೊಳ್ಳುವವರ ಮೇಲಿದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಕೀಲಿ ಯಾವ ಕೆಲಸ ಮಾಡುತ್ತದೆ

ಕೀಲಿಯನ್ನು ಏಕೆ ತೆಗೆಯಬೇಕು ಎಂಬುದು ಮನಸ್ಸಿಗೆ ಬರಬೇಕಾದರೆ ಅದು ಮಾಡುವ ಕೆಲಸವನ್ನು ತಿಳಿದಿರಬೇಕು. ರೆಪೊಸಿಟರಿಯಲ್ಲಿ ‘ಇನ್‌ರಿಲೀಸ್’ ಎಂಬ ಹೆಸರಿನ ಒಂದು ಕಡತವಿರುತ್ತದೆ, ಅದಕ್ಕೆ ರೆಪೊಸಿಟರಿ ನಡೆಸುವವರ ಡಿಜಿಟಲ್ ಸಹಿ ಬಿದ್ದಿರುತ್ತದೆ. ಆ ಕಡತದೊಳಗೆ ಪ್ಯಾಕೇಜುಗಳ ಪಟ್ಟಿಯ ಹ್ಯಾಶ್ ಮೌಲ್ಯಗಳು, ಅಂದರೆ ಕಡತದ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತುಗಳು, ಇರುತ್ತವೆ. ಆ ಪಟ್ಟಿಯೊಳಗೆ ಪ್ರತಿಯೊಂದು ಡೆಬ್ ಕಡತದ (ಪ್ಯಾಕೇಜಿನ ಕಡತದ) ಹ್ಯಾಶ್ ಮೌಲ್ಯವಿರುತ್ತದೆ. ಹೀಗೆ ಒಂದೇ ಒಂದು ಸಹಿಯ ಮೇಲೆ ಸಾವಿರಾರು ಪ್ಯಾಕೇಜುಗಳ ನಂಬಿಕೆ ನಿಂತಿರುತ್ತದೆ. ನಮ್ಮ ಯಂತ್ರದಲ್ಲಿರುವ ಕೀಲಿಯು ಆ ಸಹಿ ನಿಜವೋ ಅಲ್ಲವೋ ಎಂದು ಹೋಲಿಸಿ ನೋಡುವ ಸಾಧನ. ಸಹಕಾರ ಸಂಘದ ಖಾತೆಗೆ ಬ್ಯಾಂಕಿನಲ್ಲಿ ಇಟ್ಟಿರುವ ಮಾದರಿ ಸಹಿ ಇದ್ದ ಹಾಗೆ. ಕಾರ್ಯದರ್ಶಿ ಬದಲಾದ ಮೇಲೂ ಹಳೆಯವರ ಮಾದರಿ ಸಹಿಯನ್ನು ಬ್ಯಾಂಕಿನಲ್ಲಿ ಹಾಗೆಯೇ ಬಿಟ್ಟರೆ ಏನಾಗಬಹುದೋ, ಬೇಡದ ಕೀಲಿಯನ್ನು ಯಂತ್ರದಲ್ಲಿ ಬಿಟ್ಟರೂ ಅದೇ ಆಗಬಹುದು.

ಅಪಾಯದ ಪ್ರಮಾಣ ಕೀಲಿ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ‘/ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ’ ಎಂಬ ಹಳೆಯ ಕಡತದಲ್ಲಿ ಅಥವಾ ‘/ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ.ಡಿ’ ಎಂಬ ಫೋಲ್ಡರಿನಲ್ಲಿ ಇರುವ ಕೀಲಿಗೆ ಯಾವ ಗಡಿಯೂ ಇಲ್ಲ. ಇಂತಹದೇ ಕೀಲಿ ಬೇಕೆಂದು ಹೇಳದೆ ಬರೆದಿರುವ ಯಾವ ರೆಪೊಸಿಟರಿಯ ಸಹಿಯನ್ನಾದರೂ, ಅದು ಉಬುಂಟುವಿನದೇ ಆಗಿರಲಿ, ಆ ಕೀಲಿಯಿಂದ ದೃಢೀಕರಿಸಬಹುದು. ‘/ಇಟಿಸಿ/ಆಪ್ಟ್/ಕೀರಿಂಗ್ಸ್’ ಅಥವಾ ‘/ಯುಎಸ್‌ಆರ್/ಶೇರ್/ಕೀರಿಂಗ್ಸ್’ ಫೋಲ್ಡರಿನಲ್ಲಿ ಇಟ್ಟ ಕೀಲಿ ಹಾಗಲ್ಲ. ರೆಪೊಸಿಟರಿಯ ಸಾಲಿನಲ್ಲಿ ‘ಸೈನ್ಡ್-ಬೈ’ ಎಂದು ಅದರ ಹೆಸರನ್ನು ಬರೆದಾಗ ಮಾತ್ರ, ಆ ಒಂದು ರೆಪೊಸಿಟರಿಗೆ ಮಾತ್ರ ಅದು ಅನ್ವಯಿಸುತ್ತದೆ. ಹಿಂದೆ ಎಲ್ಲರೂ ಬಳಸುತ್ತಿದ್ದ ‘ಆಪ್ಟ್-ಕೀ’ ಎಂಬ ಆಜ್ಞೆಯನ್ನು ಕೈಬಿಡಲು ಇದೇ ಕಾರಣ: ಅದು ಕೀಲಿಗಳನ್ನು ಗಡಿಯಿಲ್ಲದ ಜಾಗಕ್ಕೇ ಹಾಕುತ್ತಿತ್ತು. ಉಬುಂಟು 22.04ರಲ್ಲಿ ಅಪ್‌ಡೇಟ್ ಮಾಡುವಾಗ ಕೀಲಿಯು ಹಳೆಯ ಟ್ರಸ್ಟೆಡ್.ಜಿಪಿಜಿ ಕಡತದಲ್ಲಿದೆ ಎಂಬ ಎಚ್ಚರಿಕೆ ಬರುತ್ತಿದ್ದರೆ, ನಿಮ್ಮ ಯಂತ್ರದಲ್ಲಿ ಅಂತಹ ಕೀಲಿ ಇದೆ ಎಂದೇ ಅರ್ಥ.

ಇದರ ಜೊತೆಗೆ ಇನ್ನೊಂದನ್ನು ನೆನಪಿಡಬೇಕು. ಡೆಬ್ ಪ್ಯಾಕೇಜಿನೊಳಗಿನ ಸ್ಕ್ರಿಪ್ಟುಗಳು ಇನ್‌ಸ್ಟಾಲ್ ಆಗುವಾಗ ರೂಟ್ ಅಧಿಕಾರದಲ್ಲಿ ಓಡುತ್ತವೆ. ಆದ್ದರಿಂದ ಒಂದು ರೆಪೊಸಿಟರಿಯನ್ನು ನಂಬುವುದೆಂದರೆ ಅದನ್ನು ನಡೆಸುವವರಿಗೆ ಯಂತ್ರದ ಸಂಪೂರ್ಣ ಅಧಿಕಾರ ಕೊಟ್ಟಂತೆ. ಆ ಅಧಿಕಾರವನ್ನು ಅರ್ಧ ಮಾತ್ರ ಹಿಂದಕ್ಕೆ ಪಡೆಯುವುದರಲ್ಲಿ ಅರ್ಥವಿಲ್ಲ.

ಮೊದಲು ಪ್ರತಿ ತೆಗೆದಿಡಿ, ನಂತರ ಪಟ್ಟಿ ಮಾಡಿ

ಕೈ ಹಾಕುವ ಮುನ್ನ ‘ಸುಡೋ ಸಿಪಿ -ಎ /ಇಟಿಸಿ/ಆಪ್ಟ್ /ರೂಟ್/ಆಪ್ಟ್-ಹಳೆಯದು’ ಎಂಬ ರೀತಿಯಲ್ಲಿ ಇಡೀ ಆಪ್ಟ್ ಫೋಲ್ಡರಿನ ಒಂದು ನಕಲು ಪ್ರತಿಯನ್ನು ಮಾಡಿಟ್ಟುಕೊಳ್ಳಿ. ಪ್ರತಿಯ ಹೆಸರು ನಿಮಗೆ ಬೇಕಾದದ್ದಿರಲಿ, ಆದರೆ ಅದು ಆಪ್ಟ್ ಫೋಲ್ಡರಿನ ಹೊರಗಿರಲಿ. ಲ್ಯಾಪ್‌ಟಾಪ್ ಆಗಿದ್ದರೆ ಚಾರ್ಜ್ ತುಂಬಿರಲಿ, ಡೆಸ್ಕ್‌ಟಾಪ್ ಆಗಿದ್ದರೆ ಯುಪಿಎಸ್ ಇರಲಿ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವ ನಮ್ಮ ಕಡೆ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪ್ಯಾಕೇಜುಗಳನ್ನು ಬದಲಿಸುತ್ತಿರುವಾಗಲೇ ಕರೆಂಟ್ ಹೋದರೆ ಅವು ಅರ್ಧ ಕಳಚಿದ ಸ್ಥಿತಿಯಲ್ಲಿ ನಿಲ್ಲುತ್ತವೆ. ಹಾಗಾದಾಗ ಯಂತ್ರವನ್ನು ಮತ್ತೆ ಆರಂಭಿಸಿ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಎಂದೂ, ಬಳಿಕ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಎಂದೂ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈಗ ಯಂತ್ರದಲ್ಲಿ ಏನೇನಿದೆ ಎಂದು ನೋಡೋಣ. ರೆಪೊಸಿಟರಿಗಳ ವಿಳಾಸಗಳು ಎರಡು ಕಡೆ ಇರುತ್ತವೆ: ‘/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್’ ಎಂಬ ಒಂದು ಕಡತ, ಮತ್ತು ‘/ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ’ ಎಂಬ ಫೋಲ್ಡರಿನೊಳಗಿನ ಕಡತಗಳು. ಹೊರಗಿನವು ಬಹುಪಾಲು ಫೋಲ್ಡರಿನಲ್ಲಿಯೇ ಇರುತ್ತವೆಯಾದರೂ, ಕೆಲವರು ಹಳೆಯ ಅಭ್ಯಾಸದಂತೆ ಮುಖ್ಯ ಕಡತದ ಕೊನೆಯಲ್ಲಿಯೇ ಸಾಲು ಸೇರಿಸಿರುತ್ತಾರೆ; ಅದನ್ನೂ ತೆರೆದು ನೋಡಿ. ಫೋಲ್ಡರಿನೊಳಗಿನ ಕಡತಗಳು ಎರಡು ರೂಪದಲ್ಲಿರುತ್ತವೆ. ‘.ಲಿಸ್ಟ್’ ಎಂದು ಕೊನೆಗೊಳ್ಳುವ ಕಡತದಲ್ಲಿ ಒಂದು ರೆಪೊಸಿಟರಿಗೆ ಒಂದು ಸಾಲು. ‘.ಸೋರ್ಸಸ್’ ಎಂದು ಕೊನೆಗೊಳ್ಳುವ ಹೊಸ ರೂಪದಲ್ಲಿ ಒಂದೊಂದು ಮಾಹಿತಿಗೂ ಒಂದೊಂದು ಸಾಲು: ‘ಟೈಪ್ಸ್’, ‘ಯುಆರ್‌ಐಸ್’, ‘ಸೂಟ್ಸ್’, ‘ಕಾಂಪೊನೆಂಟ್ಸ್’, ‘ಸೈನ್ಡ್-ಬೈ’. ಉಬುಂಟು 24.04ರಿಂದ ಉಬುಂಟುವಿನ ಸ್ವಂತ ವಿಳಾಸಗಳೇ ‘ಉಬುಂಟು.ಸೋರ್ಸಸ್’ ಎಂಬ ಕಡತವಾಗಿ ಈ ಫೋಲ್ಡರಿಗೆ ಬಂದಿವೆ. ಈ ಬದಲಾವಣೆ ತಿಳಿಯದವರು ಫೋಲ್ಡರಿನಲ್ಲಿರುವುದೆಲ್ಲ ಹೊರಗಿನದೇ ಎಂದುಕೊಂಡು ಪೂರ್ತಿ ಖಾಲಿ ಮಾಡಿಬಿಟ್ಟರೆ ಯಂತ್ರಕ್ಕೆ ಅಪ್‌ಡೇಟ್ ಪಡೆಯಲು ವಿಳಾಸವೇ ಉಳಿಯುವುದಿಲ್ಲ. ಆದ್ದರಿಂದ ‘ಆರ್‌ಎಂ’ ಆಜ್ಞೆಯ ಜೊತೆ ನಕ್ಷತ್ರ ಚಿಹ್ನೆಯನ್ನು ಇಲ್ಲಿ ಎಂದಿಗೂ ಬಳಸಬೇಡಿ.

ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ಉಳಿದವು ತಾವಾಗಿಯೇ ಅರ್ಥವಾಗುತ್ತವೆ. ಡಾಕರ್ ಸೇರಿಸಿದ ಯಂತ್ರದಲ್ಲಿ ‘ಡಾಕರ್.ಲಿಸ್ಟ್’ ಕಡತವನ್ನು ತೆರೆದರೆ ಸಾಲು ‘ಡೆಬ್’ ಎಂಬ ಪದದಿಂದ ಆರಂಭವಾಗುತ್ತದೆ. ಅಂದರೆ ಇಲ್ಲಿಂದ ಸಿಗುವುದು ಸಿದ್ಧ ಪ್ಯಾಕೇಜು, ಮೂಲ ಕೋಡ್ ಅಲ್ಲ. ನಂತರ ಚೌಕ ಕಂಸದೊಳಗೆ ‘ಸೈನ್ಡ್-ಬೈ=/ಇಟಿಸಿ/ಆಪ್ಟ್/ಕೀರಿಂಗ್ಸ್/ಡಾಕರ್.ಎಎಸ್‌ಸಿ’ ಎಂದಿರುತ್ತದೆ, ಕೀಲಿ ಎಲ್ಲಿದೆ ಎಂಬ ವಿಳಾಸ ಅದೇ. ಅದರ ನಂತರ ಸರ್ವರ್‌ನ ವಿಳಾಸ, ಬಳಿಕ ‘ನೋಬಲ್’ ಅಥವಾ ‘ಜ್ಯಾಮಿ’ ಎಂಬಂತಹ ಬಿಡುಗಡೆಯ ಹೆಸರು, ಕೊನೆಯಲ್ಲಿ ‘ಸ್ಟೇಬಲ್’ ಎಂಬ ವಿಭಾಗ. ಇದರಲ್ಲಿ ಎರಡನ್ನು ಕಾಗದದ ಮೇಲೆ ಬರೆದುಕೊಳ್ಳಿ: ಸರ್ವರ್‌ನ ಹೆಸರು ಮತ್ತು ಕೀಲಿಯ ಕಡತ. ಸಾಲನ್ನು ಅಳಿಸಿದ ಮೇಲೆ ಕೀಲಿ ಯಾವುದೆಂದು ಹೇಳುವ ಸುಳಿವು ಎಲ್ಲಿಯೂ ಸಿಗುವುದಿಲ್ಲ.

ಮೊದಲು ಪ್ಯಾಕೇಜುಗಳು

ಬಹುತೇಕ ಜನ ತಲೆಕೆಳಗು ಮಾಡುವುದು ಇಲ್ಲಿಯೇ. ವಿಳಾಸವನ್ನು ಮೊದಲು ಅಳಿಸಿ, ಆಮೇಲೆ ಪ್ಯಾಕೇಜುಗಳನ್ನು ನೋಡೋಣ ಎಂದರೆ, ಯಾವ ಪ್ಯಾಕೇಜು ಎಲ್ಲಿಂದ ಬಂದಿತ್ತು ಎಂಬ ಮಾಹಿತಿಯನ್ನೇ ಆಪ್ಟ್ ಕಳೆದುಕೊಳ್ಳುತ್ತದೆ. ಆದ್ದರಿಂದ ರೆಪೊಸಿಟರಿ ಇನ್ನೂ ಇರುವಾಗಲೇ ಅದರ ಪ್ಯಾಕೇಜುಗಳ ಲೆಕ್ಕ ತೆಗೆಯಿರಿ. ಕಣ್ಣಿಗೆ ಕಾಣುವಂತೆ ನೋಡಬೇಕೆನ್ನುವವರಿಗೆ ಸಿನಾಪ್ಟಿಕ್ ಎಂಬ, ಪ್ಯಾಕೇಜುಗಳನ್ನು ಕಿಟಕಿಯಲ್ಲಿ ತೋರಿಸುವ ತಂತ್ರಾಂಶ ಒಳ್ಳೆಯದು. ಅದರ ಎಡ ಭಾಗದಲ್ಲಿ ‘ಒರಿಜಿನ್’ ಎಂಬ ಗುಂಡಿಯನ್ನು ಒತ್ತಿದರೆ ಪ್ಯಾಕೇಜುಗಳು ಬಂದ ಸರ್ವರ್‌ಗಳ ಪ್ರಕಾರ ವಿಂಗಡಣೆಯಾಗುತ್ತವೆ. ಟರ್ಮಿನಲ್‌ನಲ್ಲಿ ಒಂದೊಂದನ್ನೇ ನೋಡಲು ‘ಆಪ್ಟ್ ಪಾಲಿಸಿ’ ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರನ್ನು ಕೊಡಬೇಕು.

ಲಿಬ್ರೆಆಫೀಸ್ ಪಿಪಿಎ ಇರುವ ಯಂತ್ರದಲ್ಲಿ ‘ಆಪ್ಟ್ ಪಾಲಿಸಿ ಲಿಬ್ರೆಆಫೀಸ್-ರೈಟರ್’ ಎಂದು ಕೊಟ್ಟಿರೆಂದುಕೊಳ್ಳಿ. ಮೊದಲು ಈಗಿರುವ ಆವೃತ್ತಿ, ನಂತರ ಮುಂದೆ ಬರಬಹುದಾದ ಆವೃತ್ತಿ, ಅದರ ಕೆಳಗೆ ಸಿಗುವ ಎಲ್ಲ ಆವೃತ್ತಿಗಳ ಕೋಷ್ಟಕ ಬರುತ್ತದೆ. ಈಗಿರುವ ಆವೃತ್ತಿಯ ಮುಂದೆ ಮೂರು ನಕ್ಷತ್ರಗಳಿರುತ್ತವೆ. ಅದರ ಕೆಳಗಿನ ಸಾಲುಗಳಲ್ಲಿ 500 ಎಂಬ ಅಂಕೆಯೂ ಲಾಂಚ್‌ಪ್ಯಾಡ್‌ನ ವಿಳಾಸವೂ ಇದ್ದರೆ ಆ ಪ್ಯಾಕೇಜು ಪಿಪಿಎಯಿಂದ ಬಂದದ್ದು. ಉಬುಂಟುವಿನ ಸ್ವಂತ ಆವೃತ್ತಿ ಅದರ ಕೆಳಗೆ ಬೇರೆಯಾಗಿ ಕಾಣುತ್ತದೆ. 100 ಎಂಬ ಅಂಕೆಯ ಮುಂದೆ ‘ಡಿಪಿಕೆಜಿ/ಸ್ಟೇಟಸ್’ ಎಂದಿರುವ ಸಾಲು ಯಂತ್ರದೊಳಗಿನ ಪ್ರತಿಯನ್ನು ಸೂಚಿಸುತ್ತದೆ. ಈ ಅಂಕೆಗಳು ಆದ್ಯತೆಗಳು. ಆದ್ಯತೆ 1000 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಮಾತ್ರ ಆಪ್ಟ್ ತಾನಾಗಿ ಹೊಸ ಆವೃತ್ತಿಯಿಂದ ಹಳೆಯದಕ್ಕೆ ಇಳಿಯುತ್ತದೆ. ಸಾಮಾನ್ಯ ರೆಪೊಸಿಟರಿಗಳ ಆದ್ಯತೆ 500 ಆದ್ದರಿಂದ, ಪಿಪಿಎ ತೆಗೆದ ಮೇಲೂ ಅದರ ಲಿಬ್ರೆಆಫೀಸ್ ಅಲ್ಲಿಯೇ ನಿಲ್ಲುತ್ತದೆ. ಪಿಪಿಎ ಇಲ್ಲದ್ದರಿಂದ ಅದಕ್ಕೆ ಹೊಸ ತಿದ್ದುಪಡಿ ಬರುವುದಿಲ್ಲ. ಉಬುಂಟುವಿನ ಆವೃತ್ತಿ ಸಂಖ್ಯೆ ಅದಕ್ಕಿಂತ ಚಿಕ್ಕದಾದ್ದರಿಂದ ಅಲ್ಲಿಂದಲೂ ಬರುವುದಿಲ್ಲ. ವರ್ಷಗಟ್ಟಲೆ ಹೀಗೆ ನಡುವೆ ಸಿಕ್ಕಿಹಾಕಿಕೊಂಡು, ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿರುವಂತೆ ಕಾಣುವ ಪ್ಯಾಕೇಜುಗಳೇ ನನ್ನ ದೃಷ್ಟಿಯಲ್ಲಿ ಈ ಇಡೀ ಕೆಲಸದ ಅತಿ ದೊಡ್ಡ ಅಪಾಯ.

ಪ್ಯಾಕೇಜು ಬೇಡವೇ ಬೇಡ ಎಂದಾದರೆ ದಾರಿ ಸುಲಭ: ‘ಸುಡೋ ಆಪ್ಟ್ ಪರ್ಜ್’ ಎಂದು ಹೆಸರು ಕೊಟ್ಟರೆ ಅದರ ಸಂರಚನಾ ಕಡತಗಳೊಂದಿಗೆ ಹೋಗುತ್ತದೆ. ಪ್ಯಾಕೇಜು ಬೇಕು, ಆದರೆ ಉಬುಂಟುವಿನ ಸ್ವಂತ ಆವೃತ್ತಿ ಸಾಕು ಎಂದಾದರೆ ಹಿಂದಕ್ಕೆ ಇಳಿಸಬೇಕು. ಪಿಪಿಎಗಳಿಗೆ ಈ ಕೆಲಸ ಮಾಡಲೆಂದೇ ‘ಪಿಪಿಎ-ಪರ್ಜ್’ ಎಂಬ ಸಣ್ಣ ಸಾಧನವಿದೆ. ಅದನ್ನು ‘ಸುಡೋ ಆಪ್ಟ್ ಇನ್‌ಸ್ಟಾಲ್ ಪಿಪಿಎ-ಪರ್ಜ್’ ಎಂದು ಹಾಕಿಕೊಂಡು, ‘ಸುಡೋ ಪಿಪಿಎ-ಪರ್ಜ್ ಪಿಪಿಎ:ಲಿಬ್ರೆಆಫೀಸ್/ಪಿಪಿಎ’ ಎಂದು ಕೊಟ್ಟರೆ ಅದು ಪಿಪಿಎಯನ್ನು ನಿಷ್ಕ್ರಿಯಗೊಳಿಸಿ, ಅಲ್ಲಿಂದ ಬಂದ ಪ್ಯಾಕೇಜುಗಳನ್ನು ಗುರುತಿಸಿ, ಅಧಿಕೃತ ಆವೃತ್ತಿಗೆ ಇಳಿಸುತ್ತದೆ. ಅದು ಕೆಲಸ ಮಾಡಬೇಕಾದರೆ ಪಿಪಿಎ ಇನ್ನೂ ಪಟ್ಟಿಯಲ್ಲಿರಬೇಕು. ಆಗಲೇ ಅಳಿಸಿದ್ದರೆ ಮತ್ತೆ ಸೇರಿಸಿ, ಅಪ್‌ಡೇಟ್ ಮಾಡಿ, ನಂತರ ಈ ಆಜ್ಞೆ ಕೊಡಿ. ಪಿಪಿಎ ಅಲ್ಲದ ರೆಪೊಸಿಟರಿಗಳಿಗೆ ಕೈಯಿಂದಲೇ ಮಾಡಬೇಕು: ಪಾಲಿಸಿ ಕೋಷ್ಟಕದಲ್ಲಿ ಕಂಡ ಅಧಿಕೃತ ಆವೃತ್ತಿಯ ಸಂಖ್ಯೆಯನ್ನು ಹಿಡಿದು, ‘ಸುಡೋ ಆಪ್ಟ್ ಇನ್‌ಸ್ಟಾಲ್ ಪ್ಯಾಕೇಜು=ಆವೃತ್ತಿ’ ಎಂಬ ರೂಪದಲ್ಲಿ ಬರೆಯಬೇಕು. ಒಂದಕ್ಕೊಂದು ಹೊಂದಿಕೊಂಡಿರುವ ಪ್ಯಾಕೇಜುಗಳನ್ನು ಒಂದೇ ಆಜ್ಞೆಯಲ್ಲಿ ಒಟ್ಟಿಗೆ ಹೆಸರಿಸದಿದ್ದರೆ ಆಪ್ಟ್ ಒಪ್ಪುವುದಿಲ್ಲ. ಆಜ್ಞೆಗೆ ‘-ಎಸ್’ ಎಂದು ಸೇರಿಸಿದರೆ ಏನನ್ನೂ ಬದಲಿಸದೆ, ಏನೇನಾಗುತ್ತದೆ ಎಂಬುದನ್ನು ಮಾತ್ರ ತೋರಿಸುತ್ತದೆ. ಆ ಪಟ್ಟಿಯಲ್ಲಿ ತೆಗೆದುಹಾಕಲಾಗುವ ಪ್ಯಾಕೇಜುಗಳ ಹೆಸರುಗಳನ್ನು ಓದಿದ ಮೇಲೆಯೇ ನಿಜವಾದ ಆಜ್ಞೆಯನ್ನು ಕೊಡಿ.

ದತ್ತಾಂಶ ಇಟ್ಟುಕೊಳ್ಳುವ ತಂತ್ರಾಂಶಗಳ ವಿಷಯದಲ್ಲಿ ಅವಸರ ಸಲ್ಲದು. ಉದಾಹರಣೆಗೆ, ಸಂಘದ ಸದಸ್ಯರ ಲೆಕ್ಕ ದತ್ತಸಂಚಯ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿದ್ದು, ಆ ಪೋಸ್ಟ್‌ಗ್ರೆಸ್ ಹೊರಗಿನ ರೆಪೊಸಿಟರಿಯ ಹೊಸ ಮುಖ್ಯ ಆವೃತ್ತಿಯಾಗಿದ್ದರೆ, ಹಳೆಯ ಮುಖ್ಯ ಆವೃತ್ತಿಯು ಆ ದತ್ತಾಂಶದ ಫೋಲ್ಡರನ್ನು ಓದಲಾರದು. ‘ಪಿಜಿ_ಡಂಪ್’ ಮೂಲಕ ದತ್ತಾಂಶವನ್ನು ಹೊರತೆಗೆದು, ಅದು ಇನ್ನೊಂದು ಯಂತ್ರದಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸದೆ ಇಂತಹ ಪ್ಯಾಕೇಜನ್ನು ಮುಟ್ಟಲೇಬಾರದು. ಮಾರ್ಚ್ ತಿಂಗಳ ಲೆಕ್ಕ ಮುಗಿಯುವ ಹೊತ್ತಿನಲ್ಲಂತೂ ಈ ಕೆಲಸಕ್ಕೆ ಇಳಿಯಬೇಡಿ.

ವಿಳಾಸ ತೆಗೆಯುವುದು

ಪಿಪಿಎ-ಪರ್ಜ್ ಬಳಸಿದ್ದರೆ ಪಿಪಿಎ ಆಗಲೇ ನಿಷ್ಕ್ರಿಯವಾಗಿರುತ್ತದೆ. ಅದರ ಕಡತ ಉಳಿದಿದೆಯೇ ಎಂದು ನೋಡಿ ತೆಗೆದರಾಯಿತು. ಇಲ್ಲದಿದ್ದರೆ ‘ಸುಡೋ ಆಡ್-ಆಪ್ಟ್-ರೆಪೊಸಿಟರಿ --ರಿಮೂವ್ ಪಿಪಿಎ:ಮಾಲೀಕ/ಹೆಸರು’ ಎಂಬ ರೂಪದ ಆಜ್ಞೆಯಿಂದ ತೆಗೆಯಬಹುದು. ಉಳಿದವುಗಳಿಗೆ ಆಯಾ ಕಡತವನ್ನೇ ಅಳಿಸಬೇಕು. ಡಾಕರ್‌ನದಾದರೆ ‘ಸುಡೋ ಆರ್‌ಎಂ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ/ಡಾಕರ್.ಲಿಸ್ಟ್’. ಮುಖ್ಯ ಸೋರ್ಸಸ್.ಲಿಸ್ಟ್ ಕಡತದೊಳಗೆ ಸಾಲು ಸೇರಿಕೊಂಡಿದ್ದರೆ ‘ಸುಡೋ ನ್ಯಾನೊ’ ಮೂಲಕ ತೆರೆದು ಆ ಸಾಲನ್ನು ಮಾತ್ರ ತೆಗೆಯಿರಿ. ಪೂರ್ತಿ ಅಳಿಸಲು ಇನ್ನೂ ಮನಸ್ಸಾಗದಿದ್ದರೆ, ಹಳೆಯ ರೂಪದಲ್ಲಿ ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿಯೂ, ಹೊಸ ರೂಪದಲ್ಲಿ ‘ಎನೇಬಲ್ಡ್: ನೋ’ ಎಂಬ ಸಾಲು ಸೇರಿಸಿಯೂ ತಾತ್ಕಾಲಿಕವಾಗಿ ನಿಲ್ಲಿಸಬಹುದು. ಉಬುಂಟುವನ್ನು ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಏರಿಸುವ ಸಾಧನವೂ ಹೊರಗಿನ ರೆಪೊಸಿಟರಿಗಳನ್ನು ಹೀಗೆ ನಿಲ್ಲಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಆದ್ದರಿಂದ ಎರಡು ಮೂರು ಸಲ ಏರಿಸಿದ ಯಂತ್ರಗಳಲ್ಲಿ ಇಂತಹ ನಿಂತ ಕಡತಗಳು ರಾಶಿ ಬಿದ್ದಿರುತ್ತವೆ.

ಕೆಲವು ಪ್ಯಾಕೇಜುಗಳು ತಮ್ಮ ರೆಪೊಸಿಟರಿಯನ್ನು ತಾವೇ ಬರೆದುಕೊಳ್ಳುತ್ತವೆ. ಗೂಗಲ್ ಕ್ರೋಮ್‌ನ ಡೆಬ್ ಕಡತವನ್ನು ಇನ್‌ಸ್ಟಾಲ್ ಮಾಡಿದರೆ ಅದರ ವಿಳಾಸವೂ ಕೀಲಿಯೂ ತಾವಾಗಿಯೇ ಸೇರುತ್ತವೆ. ಕ್ರೋಮ್ ಮುಂದೆಯೂ ಬೇಕೆಂದರೆ ಅವೆರಡನ್ನೂ ಬಿಡುವುದೇ ಸರಿ, ಏಕೆಂದರೆ ಬ್ರೌಸರ್‌ಗೆ ಭದ್ರತಾ ತಿದ್ದುಪಡಿಗಳು ಬರುವುದು ಆ ದಾರಿಯಿಂದಲೇ. ಬೇಡವೆಂದರೆ ಮೊದಲು ಕ್ರೋಮ್ ಪ್ಯಾಕೇಜನ್ನೇ ಪರ್ಜ್ ಮಾಡಿ, ನಂತರ ಉಳಿದ ಕಡತಗಳನ್ನು ನೋಡಿ. ಪ್ಯಾಕೇಜು ಇರುವಾಗ ವಿಳಾಸವನ್ನಷ್ಟೇ ಅಳಿಸಿದರೆ ಅದು ಮತ್ತೆ ಹುಟ್ಟಿಕೊಳ್ಳಬಹುದು. ‘/ಇಟಿಸಿ/ಆಪ್ಟ್/ಪ್ರಿಫರೆನ್ಸಸ್.ಡಿ’ ಎಂಬ ಫೋಲ್ಡರಿನಲ್ಲಿ ಆ ರೆಪೊಸಿಟರಿಗೆಂದು ಯಾರಾದರೂ ಆದ್ಯತೆಯ ನಿಯಮ ಬರೆದಿಟ್ಟಿದ್ದರೆ, ‘/ಇಟಿಸಿ/ಆಪ್ಟ್/ಆಥ್.ಕಾನ್ಫ್.ಡಿ’ ಎಂಬಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಇಟ್ಟಿದ್ದರೆ, ಅವನ್ನೂ ಇದೇ ಸುತ್ತಿನಲ್ಲಿ ತೆಗೆಯಿರಿ.

ಕೀಲಿ ತೆಗೆಯುವುದು

ಕೀಲಿಯ ಕಡತವನ್ನು ಅಳಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ಇದನ್ನು ಬೇರೆ ಯಾವುದಾದರೂ ರೆಪೊಸಿಟರಿ ಬಳಸುತ್ತಿದೆಯೇ? ಇದು ಉಬುಂಟು ಅಥವಾ ಡೆಬಿಯನ್‌ನ ಸ್ವಂತ ಕೀಲಿಯೇ?

ಮೊದಲನೆಯದಕ್ಕೆ ‘ಗ್ರೆಪ್ -ಆರ್‌ಐ ಸೈನ್ಡ್-ಬೈ /ಇಟಿಸಿ/ಆಪ್ಟ್’ ಎಂದು ಕೊಟ್ಟರೆ, ಯಾವ ಕಡತ ಯಾವ ಕೀಲಿಯನ್ನು ಹೆಸರಿಸಿದೆ ಎಂಬುದೆಲ್ಲ ಒಂದೇ ಪರದೆಯಲ್ಲಿ ಬರುತ್ತದೆ. ಒಂದೇ ಸಂಸ್ಥೆಯ ಎರಡು ರೆಪೊಸಿಟರಿಗಳು ಒಂದೇ ಕೀಲಿಯನ್ನು ಹಂಚಿಕೊಂಡಿರುವುದುಂಟು. ಎರಡನೆಯದಕ್ಕೆ ‘ಡಿಪಿಕೆಜಿ -ಎಸ್’ ಎಂದು ಬರೆದು ಮುಂದೆ ಕೀಲಿಯ ಕಡತದ ಪೂರ್ತಿ ವಿಳಾಸ ಕೊಡಿ. ಇಲ್ಲಿ ಎಸ್ ಅಕ್ಷರ ದೊಡ್ಡದಿರಬೇಕು. ‘ಉಬುಂಟು-ಕೀರಿಂಗ್’ ಅಥವಾ ‘ಡೆಬಿಯನ್-ಆರ್ಕೈವ್-ಕೀರಿಂಗ್’ ಎಂಬ ಪ್ಯಾಕೇಜಿನ ಹೆಸರು ಬಂದರೆ ಅದನ್ನು ಮುಟ್ಟಬೇಡಿ. ‘ಟ್ರಸ್ಟೆಡ್.ಜಿಪಿಜಿ.ಡಿ’ ಫೋಲ್ಡರಿನಲ್ಲಿ ‘ಉಬುಂಟು-ಕೀರಿಂಗ್-2018-ಆರ್ಕೈವ್.ಜಿಪಿಜಿ’ ಎಂಬ ಕಡತ ಕಂಡು, ಹಳೆಯ ವರ್ಷದ ಸಂಖ್ಯೆಯನ್ನು ನೋಡಿ ಬೇಡದ್ದೆಂದು ಭಾವಿಸಬಾರದು. ಅದು ಈಗಲೂ ಕೆಲಸದಲ್ಲಿರುವ ಅಧಿಕೃತ ಕೀಲಿ. ಯಾವ ಪ್ಯಾಕೇಜಿಗೂ ಸೇರಿದ್ದಲ್ಲ ಎಂಬ ಉತ್ತರ ಬಂದರೆ ಆ ಕೀಲಿಯನ್ನು ಯಾರೋ ಕೈಯಿಂದ, ಅಥವಾ ಯಾವುದೋ ಸ್ಕ್ರಿಪ್ಟ್, ಇಟ್ಟದ್ದು ಎಂದು ತಿಳಿಯಬಹುದು.

ಕಡತದ ಹೆಸರನ್ನು ಮಾತ್ರ ನಂಬದೆ, ಒಳಗೆ ಯಾರ ಕೀಲಿ ಇದೆ ಎಂದು ನೋಡಲು ‘ಜಿಪಿಜಿ --ಶೋ-ಕೀಸ್’ ಎಂದು ಬರೆದು ಕಡತದ ವಿಳಾಸ ಕೊಡಿ. ಕೀಲಿ ಹುಟ್ಟಿದ ದಿನಾಂಕ, ಮಾಲೀಕರ ಹೆಸರು, ಅವಧಿ ಮುಗಿಯುವ ದಿನವಿದ್ದರೆ ಅದು, ಮತ್ತು 40 ಅಂಕಿ-ಅಕ್ಷರಗಳ ಬೆರಳಚ್ಚು ಕಾಣುತ್ತದೆ. ಖಚಿತವಾದ ಮೇಲೆ ‘ಸುಡೋ ಆರ್‌ಎಂ /ಇಟಿಸಿ/ಆಪ್ಟ್/ಕೀರಿಂಗ್ಸ್/ಡಾಕರ್.ಎಎಸ್‌ಸಿ’ ಎಂಬಂತೆ ಆ ಒಂದು ಕಡತವನ್ನು ಅಳಿಸಿ. ಉಬುಂಟು 24.04ರಲ್ಲಿ ಹೊಸದಾಗಿ ಸೇರಿಸಿದ ಪಿಪಿಎಗಳಲ್ಲಿ ಕೀಲಿಯು ‘.ಸೋರ್ಸಸ್’ ಕಡತದ ಒಳಗೇ ಅಚ್ಚಾಗಿರುತ್ತದೆ, ಆದ್ದರಿಂದ ಆ ಕಡತದೊಂದಿಗೇ ಅದೂ ಹೋಗುತ್ತದೆ. ಹಳೆಯ ಬಿಡುಗಡೆಗಳಿಂದ ಏರಿಸಿಕೊಂಡು ಬಂದ ಯಂತ್ರದಲ್ಲಿ ಮಾತ್ರ ‘ಟ್ರಸ್ಟೆಡ್.ಜಿಪಿಜಿ.ಡಿ’ ಫೋಲ್ಡರನ್ನು ಖುದ್ದಾಗಿ ನೋಡಲೇಬೇಕು, ಏಕೆಂದರೆ ಎಂದೋ ಅಳಿಸಿದ ಪಿಪಿಎಗಳ ಕೀಲಿಗಳು ಅಲ್ಲಿ ಉಳಿದಿರುವುದುಂಟು.

ಇನ್ನು ಉಳಿದದ್ದು ಹಳೆಯ ಟ್ರಸ್ಟೆಡ್.ಜಿಪಿಜಿ ಕಡತ. ಇದರಲ್ಲಿ ಹಲವು ಕೀಲಿಗಳು ಒಟ್ಟಿಗಿರುವುದರಿಂದ ಸ್ವಲ್ಪ ಸಾವಧಾನ ಬೇಕು. ‘ಆಪ್ಟ್-ಕೀ ಲಿಸ್ಟ್’ ಎಂದು ಕೊಟ್ಟರೆ ಪ್ರತಿ ಕೀಲಿಯ ಬೆರಳಚ್ಚೂ ಅದು ಯಾವ ಕಡತದಲ್ಲಿದೆ ಎಂಬುದೂ ಬರುತ್ತದೆ. ತೆಗೆಯಬೇಕಾದ ಕೀಲಿಯ ಬೆರಳಚ್ಚಿನ ಕೊನೆಯ 8 ಅಂಕಿ-ಅಕ್ಷರಗಳನ್ನು, ನಡುವೆ ಜಾಗ ಬಿಡದೆ, ‘ಸುಡೋ ಆಪ್ಟ್-ಕೀ ಡೆಲ್’ ಎಂಬ ಆಜ್ಞೆಯ ಮುಂದೆ ಬರೆಯಿರಿ. ಆಪ್ಟ್ 3.0 ಇರುವ ಡೆಬಿಯನ್ 13ರಂತಹ ಹೊಸ ಬಿಡುಗಡೆಗಳಲ್ಲಿ ಆಪ್ಟ್-ಕೀ ಇಲ್ಲ. ಅಲ್ಲಿ ‘ಜಿಪಿಜಿ --ನೋ-ಡಿಫಾಲ್ಟ್-ಕೀರಿಂಗ್ --ಕೀರಿಂಗ್ /ಇಟಿಸಿ/ಆಪ್ಟ್/ಟ್ರಸ್ಟೆಡ್.ಜಿಪಿಜಿ --ಲಿಸ್ಟ್-ಕೀಸ್’ ಎಂದು ಒಳಗಿರುವುದನ್ನು ನೋಡಬಹುದು. ಅದರಲ್ಲಿರುವ ಯಾವ ಕೀಲಿಯೂ ಈಗ ಬೇಕಿಲ್ಲವೆಂದಾದರೆ ಇಡೀ ಕಡತವನ್ನೂ, ಹೆಸರಿನ ಕೊನೆಗೆ ಟಿಲ್ಡೆ (~) ಚಿಹ್ನೆಯಿರುವ ಅದರ ಹಳೆಯ ಪ್ರತಿಯನ್ನೂ ಅಳಿಸಬಹುದು. ನಿಮ್ಮ ಬಳಿ ಆಪ್ಟ್ ಫೋಲ್ಡರಿನ ಪ್ರತಿ ಇರುವುದರಿಂದ ಏನಾದರೂ ಏರುಪೇರಾದರೆ ಆ ಒಂದು ಕಡತವನ್ನು ಹಿಂದಕ್ಕೆ ಹಾಕುವುದು ಕಷ್ಟವಲ್ಲ.

ಟರ್ಮಿನಲ್ ಒಗ್ಗದವರಿಗೆ ಉಬುಂಟುವಿನ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ಕಿಟಕಿಯಲ್ಲಿ ‘ಅದರ್ ಸಾಫ್ಟ್‌ವೇರ್’ ಎಂಬ ಭಾಗದಿಂದ ವಿಳಾಸಗಳನ್ನೂ ‘ಅಥೆಂಟಿಕೇಶನ್’ ಎಂಬ ಭಾಗದಿಂದ ಕೀಲಿಗಳನ್ನೂ ತೆಗೆಯಬಹುದು. ಲಿನಕ್ಸ್ ಮಿಂಟ್‌ನ ‘ಸಾಫ್ಟ್‌ವೇರ್ ಸೋರ್ಸಸ್’ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಅದರ ‘ಮೇಂಟೆನೆನ್ಸ್’ ಭಾಗದಲ್ಲಿ ಹೊರಗಿನ ಪ್ಯಾಕೇಜುಗಳನ್ನು ಪಟ್ಟಿ ಮಾಡಿ ಹಿಂದಿನ ಆವೃತ್ತಿಗೆ ಇಳಿಸುವ ಅಥವಾ ಪೂರ್ತಿ ತೆಗೆಯುವ ಅವಕಾಶವಿದೆ. ಶಾಲೆಗಳ ಯಂತ್ರಗಳನ್ನು ನೋಡಿಕೊಳ್ಳುವ ಶಿಕ್ಷಕರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಸರಿಯಾಗಿದೆಯೇ ಎಂದು ನೋಡುವುದು

‘ಸುಡೋ ಆಪ್ಟ್ ಅಪ್‌ಡೇಟ್’ ಕೊಡಿ. ತೆಗೆದ ರೆಪೊಸಿಟರಿಯಿಂದ ಇಳಿಸಿಕೊಂಡಿದ್ದ ಪಟ್ಟಿಗಳನ್ನು ಆಪ್ಟ್ ತಾನೇ ‘/ವಾರ್/ಲಿಬ್/ಆಪ್ಟ್/ಲಿಸ್ಟ್ಸ್’ ಫೋಲ್ಡರಿನಿಂದ ತೆಗೆಯುತ್ತದೆ. ‘ನೋ_ಪಬ್‌ಕೀ’ ಎಂಬ ದೂರು ಬಂದರೆ ಕೀಲಿ ಹೋಗಿ ವಿಳಾಸ ಉಳಿದಿದೆ ಎಂದರ್ಥ. ಕೀಲಿಯ ಗುರುತಿನ ಜೊತೆಗೆ ಸರ್ವರ್‌ನ ಹೆಸರೂ ಆ ಸಾಲಿನಲ್ಲಿರುತ್ತದೆ. ಆ ಸರ್ವರ್ ಉಬುಂಟು ಅಥವಾ ಡೆಬಿಯನ್‌ನದೇ ಆಗಿದ್ದರೆ ಅಧಿಕೃತ ಕೀಲಿಯನ್ನೇ ತೆಗೆದಿದ್ದೀರಿ ಎಂದು ತಿಳಿದು, ಇಟ್ಟಿದ್ದ ಪ್ರತಿಯಿಂದ ಅದನ್ನು ಮೊದಲು ಹಿಂದಕ್ಕೆ ಹಾಕಿ. ‘ರಿಲೀಸ್’ ಕಡತ ಇಲ್ಲ ಎಂಬ ದೂರು ಬಂದರೆ ನಿಂತುಹೋದ ರೆಪೊಸಿಟರಿಯೊಂದು ಇನ್ನೂ ಪಟ್ಟಿಯಲ್ಲಿದೆ.

ಅಪ್‌ಡೇಟ್ ದೂರಿಲ್ಲದೆ ಮುಗಿದ ಮಾತ್ರಕ್ಕೆ ಕೆಲಸ ಆದಂತಲ್ಲ. ‘ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್’ ಎಂಬ ಆಜ್ಞೆಯ ಫಲಿತಾಂಶವನ್ನು ಪೈಪ್ ಚಿಹ್ನೆಯ ಮೂಲಕ ‘ಗ್ರೆಪ್ ,ಲೋಕಲ್’ ಎಂಬುದಕ್ಕೆ ಕಳಿಸಿ. ಅಲ್ಪವಿರಾಮವನ್ನು ಬಿಡಬೇಡಿ, ಬಿಟ್ಟರೆ ‘ಲೋಕೇಲ್ಸ್’ ಮುಂತಾದ ಸಂಬಂಧವಿಲ್ಲದ ಹೆಸರುಗಳೂ ಬಂದುಬಿಡುತ್ತವೆ. ಯಾವ ರೆಪೊಸಿಟರಿಯಲ್ಲಿಯೂ ಸಿಗದ ಆವೃತ್ತಿಯಲ್ಲಿ ನಿಂತಿರುವ ಪ್ಯಾಕೇಜುಗಳೆಲ್ಲ ಇಲ್ಲಿ ಕಾಣುತ್ತವೆ. ಡೌನ್‌ಲೋಡ್ ಮಾಡಿ ನೇರವಾಗಿ ಹಾಕಿದ ಪ್ರಿಂಟರ್ ಡ್ರೈವರ್‌ನಂತಹವು ಇಲ್ಲಿರುವುದು ಸಹಜ. ಅವುಗಳನ್ನು ಬಿಟ್ಟು ಉಳಿದ ಪ್ರತಿಯೊಂದನ್ನೂ ಇಳಿಸಬೇಕು ಅಥವಾ ತೆಗೆಯಬೇಕು. ಕೊನೆಗೆ ‘ಸುಡೋ ಆಪ್ಟ್ ಆಟೋರಿಮೂವ್’ ಕೊಡಬಹುದು, ಆದರೆ ಅದು ತೋರಿಸುವ ಪಟ್ಟಿಯನ್ನು ಓದದೆ ಒಪ್ಪಿಗೆ ಒತ್ತಬೇಡಿ.

ಫೆಡೋರಾ ಮತ್ತು ಫ್ಲ್ಯಾಟ್‌ಪ್ಯಾಕ್

ಫೆಡೋರಾದಲ್ಲಿ ತತ್ತ್ವ ಅದೇ, ಜಾಗಗಳು ಬೇರೆ. ವಿಳಾಸಗಳು ‘/ಇಟಿಸಿ/ಯಮ್.ರೆಪೋಸ್.ಡಿ’ ಫೋಲ್ಡರಿನಲ್ಲಿ ‘.ರೆಪೋ’ ಕಡತಗಳಾಗಿರುತ್ತವೆ, ಪಿಪಿಎಯಂತೆಯೇ ಫೆಡೋರಾಕ್ಕಿರುವ ಕಾಪರ್‌ನಿಂದ ಬಂದವನ್ನು ‘ಸುಡೋ ಡಿಎನ್ಎಫ್ ಕಾಪರ್ ರಿಮೂವ್ ಮಾಲೀಕ/ಹೆಸರು’ ಎಂದು ತೆಗೆಯಬಹುದು. ಪ್ಯಾಕೇಜುಗಳನ್ನು ಉಳಿದ ರೆಪೊಸಿಟರಿಗಳ ಆವೃತ್ತಿಗೆ ತರಲು ‘ಸುಡೋ ಡಿಎನ್ಎಫ್ ಡಿಸ್ಟ್ರೋ-ಸಿಂಕ್’ ಇದೆ. ಅಗತ್ಯವಿದ್ದಲ್ಲಿ ಅದು ತಾನೇ ಹಿಂದಿನ ಆವೃತ್ತಿಗೆ ಇಳಿಸುತ್ತದೆ, ಈ ವಿಷಯದಲ್ಲಿ ಆಪ್ಟ್‌ಗಿಂತ ಸುಲಭ. ಕೀಲಿಗಳು ಮಾತ್ರ ಕಡತಗಳಾಗಿ ಸಿಗುವುದಿಲ್ಲ, ಅವು ಆರ್‌ಪಿಎಂ (ಫೆಡೋರಾದ ಪ್ಯಾಕೇಜು ವ್ಯವಸ್ಥೆ) ದತ್ತಸಂಚಯದೊಳಗೆ ಸೇರಿರುತ್ತವೆ. ‘ಆರ್‌ಪಿಎಂ -ಕ್ಯೂ ಜಿಪಿಜಿ-ಪಬ್‌ಕೀ’ ಎಂದು ಪಟ್ಟಿ ಪಡೆದು, ‘ಆರ್‌ಪಿಎಂ -ಕ್ಯೂಐ’ ಎಂದು ಒಂದೊಂದರ ವಿವರ ಓದಿ, ಬೇಡದ್ದನ್ನು ‘ಸುಡೋ ಆರ್‌ಪಿಎಂ -ಇ’ ಎಂದು ಅದರ ಪೂರ್ತಿ ಹೆಸರಿನೊಂದಿಗೆ ತೆಗೆಯಬೇಕು. ಫೆಡೋರಾದ ಸ್ವಂತ ಕೀಲಿಯೂ ಇದೇ ಪಟ್ಟಿಯಲ್ಲಿರುತ್ತದೆಯಾದ್ದರಿಂದ ವಿವರವನ್ನು ಓದುವ ಹೆಜ್ಜೆಯನ್ನು ಬಿಡುವಂತಿಲ್ಲ.

ಯಾವ ಲಿನಕ್ಸ್‌ನಲ್ಲಾದರೂ ಆ್ಯಪ್‌ಗಳನ್ನು ಹಾಕಿಕೊಳ್ಳಲು ಇರುವ ಫ್ಲ್ಯಾಟ್‌ಪ್ಯಾಕ್ ವ್ಯವಸ್ಥೆಯನ್ನು ಬಳಸುವವರು ‘ಫ್ಲ್ಯಾಟ್‌ಪ್ಯಾಕ್ ರಿಮೋಟ್ಸ್’ ಎಂದು ಮೂಲಗಳ ಪಟ್ಟಿ ನೋಡಿ, ಅಲ್ಲಿಂದ ಬಂದ ಆ್ಯಪ್‌ಗಳನ್ನು ‘ಫ್ಲ್ಯಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್’ ಮೂಲಕ ಮೊದಲು ತೆಗೆದು, ‘ಫ್ಲ್ಯಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್’ ಎಂದು ಉಳಿದ ರನ್‌ಟೈಮ್‌ಗಳನ್ನು ಗುಡಿಸಿ, ನಂತರ ‘ಫ್ಲ್ಯಾಟ್‌ಪ್ಯಾಕ್ ರಿಮೋಟ್-ಡಿಲೀಟ್’ ಎಂದು ಮೂಲದ ಹೆಸರು ಕೊಟ್ಟರೆ ಸಾಕು. ಇಲ್ಲಿ ಕೀಲಿಯು ಆಯಾ ಮೂಲಕ್ಕೇ ಅಂಟಿಕೊಂಡಿರುವುದರಿಂದ ಅದನ್ನು ಬೇರೆಯಾಗಿ ಹುಡುಕಿ ತೆಗೆಯುವ ಕೆಲಸವಿಲ್ಲ.